ಉತ್ತರ ಅಗತ್ಯವಿಲ್ಲ

ನನ್ನ ಅಂಗೈ ಮೇಲೆ ಒಂದು ನೊಣ ಬಂದು ಕೂತಿದೆ, ಹನ್ನೆರಡು ಮಿಲಿಗ್ರಾಂ, ಕೂದಲೆಳೆಯಷ್ಟು ಹೆಚ್ಚಿದ್ದೀತು ಅಷ್ಟೆ, ಅಂದರೆ ಇದು ತಿಂಡಿ ತಿಂದು ಬಂದ ನೊಣ, ಖಾಲಿ ಹೊಟ್ಟೆಯಲ್ಲಿದ್ದಿದ್ದರೆ ಹನ್ನೊಂದೂಮುಕ್ಕಾಲಿಗೆ ನಿಲ್ಲುತ್ತಿತ್ತು, ಯಂತ್ರ ಗಿಂತ್ರ ಇಲ್ಲದೆ ಇಷ್ಟನ್ನು ಹೇಳಬಲ್ಲ ಅಂಗೈ ಇಡೀ ಭೂಮಂಡಲದಲ್ಲಿ ಇದೊಂದೇ, ಅದೂ ಇದು ಎಡಗೈ, ಬಲಗೈ ಇನ್ನೂ ಸೂಕ್ಷ್ಮ, ಅದನ್ನು ನಾನು ಸುಮ್ಮಸುಮ್ಮನೆ ಹೊರಗೆ ತೆಗೆಯುವುದಿಲ್ಲ, ಜೇಬಿನಲ್ಲೇ ಇಟ್ಟಿರುತ್ತೇನೆ — ಹಾರಿತು, ಹೋಗಲಿ, ಈ ತಣ್ಣನೆಯ ಗಾಜಿನ ಕೋಣೆಗೆ ಅದು ಹೇಗೆ ಬಂತೋ, ಅದರ ಫೋನೂ ಕೆಟ್ಟಿರಬೇಕು. ಮೂವತ್ತೇಳು ವರ್ಷದಿಂದ ತಕ್ಕಡಿ ರಿಪೇರಿ ಮಾಡುತ್ತಿದ್ದೇನೆ, ಚಿನ್ನ ತೂಗುವ ಪುಟ್ಟ ತಕ್ಕಡಿಯಿಂದ ಹಿಡಿದು ಗೋದಾಮಿನ ಆಳೆತ್ತರದ ತಕ್ಕಡಿಯವರೆಗೆ ಯಾವುದಕ್ಕೂ ನನ್ನ ಮುಂದೆ ಸುಳ್ಳು ಹೇಳುವ ಧೈರ್ಯವಿಲ್ಲ, ನಾನು ಬೀದಿಗಿಳಿದರೆ ಸಾಕು ಅಂಗಡಿ ಅಂಗಡಿಯ ಮುಳ್ಳುಗಳು ತಾವಾಗಿಯೇ ನೆಟ್ಟಗಾಗುತ್ತವೆ, ಒಮ್ಮೆ ಔಷಧಿ ಅಂಗಡಿಯವರ ತಕ್ಕಡಿಯನ್ನು ಎಷ್ಟು ಸೂಕ್ಷ್ಮ ಮಾಡಿಕೊಟ್ಟೆನೆಂದರೆ ಎದುರು ಬೀದಿಯಲ್ಲಿ ಯಾರಾದರೂ ನಿಟ್ಟುಸಿರು ಬಿಟ್ಟರೆ ಇಲ್ಲಿ ತಟ್ಟೆ ಬಾಗುತ್ತಿತ್ತು, ಪಾಪ ಅವರು ಉಸಿರು ಬಿಗಿಹಿಡಿದೇ ವ್ಯಾಪಾರ ಮಾಡಿ ವಾರಕ್ಕೆರಡು ಸಲ ಮೂರ್ಛೆ ಹೋಗುತ್ತಿದ್ದರು, ಅಂದಿನಿಂದ ಸುತ್ತಲಿನವರೆಲ್ಲ ನನ್ನನ್ನು ಮಿಲಿಗ್ರಾಮು ಎಂದೇ ಕರೆಯುವುದು. ಅಂಥ ಮಿಲಿಗ್ರಾಮು ಈಗ ಫೋನ್ ಕಂಪನಿಯವರ ರಿಪೇರಿ ಅಂಗಡಿಯಲ್ಲಿ ಕಬ್ಬಿಣದ ಕುರ್ಚಿಯ ತುದಿಯಲ್ಲಿ ಕೂತಿದ್ದಾನೆ, ಕೈಯಲ್ಲಿ ಅರವತ್ತೇಳನೇ ಚೀಟಿ, ಗೋಡೆಯ ಪರದೆಯ ಮೇಲೆ ನಲವತ್ತೊಂಬತ್ತು, ಗಡಿಯಾರದಲ್ಲಿ ಮೂರೂಕಾಲು, ನನಗೆ ಬೇಕಾಗಿರುವುದು ಹೊಸ ಪರದೆಯಲ್ಲ, ಬ್ಯಾಟರಿಯಲ್ಲ, ಒಂದೇ ಒಂದು ಕಾಗದ — ಇಂಥವರ ಫೋನು ತಾನಾಗಿಯೇ, ಯಜಮಾನನಿಗೆ ತಿಳಿಯದಂತೆ, ಅವನ ಅಕ್ಕನಿಗೆ ಉತ್ತರ ಕಳಿಸಿದೆ, ಇದರಲ್ಲಿ ಯಜಮಾನನ ತಪ್ಪು ಎಳ್ಳಷ್ಟೂ ಇಲ್ಲ, ಕೆಳಗೆ ಸಹಿ, ಮೊಹರು, ಅಷ್ಟು ಸಿಕ್ಕರೆ ಐದು ಗಂಟೆಯೊಳಗೆ ಅಕ್ಕನ ಮನೆಗೆ ಓಡಿ ಅವಳ ಮುಂದೆ ಹಿಡಿದು ನಿಲ್ಲುತ್ತೇನೆ.

ಬಾಗಿಲ ಬಳಿಯೇ ಒಂದು ಕಂಬ ನಿಲ್ಲಿಸಿದ್ದಾರೆ, ಎದೆಯ ಮಟ್ಟಕ್ಕೆ ಪರದೆ, ಪರದೆಯೊಳಗೆ ಎರಡು ನೀಲಿ ಕಣ್ಣು, ನಮಸ್ಕಾರ, ನಿಮ್ಮ ಸಮಸ್ಯೆಯನ್ನು ನಿಮ್ಮದೇ ಮಾತಿನಲ್ಲಿ ಹೇಳಿ ಎಂದಿತು, ನನ್ನದೇ ಮಾತಿನಲ್ಲಿ ಹೇಳಿದೆ, ನೋಡಪ್ಪ, ನಮ್ಮಕ್ಕ ನನ್ನ ಹತ್ರ ಮಾತು ಬಿಟ್ಟಿದಾಳೆ, ಅದಕ್ಕೆ ಈ ಫೋನೇ ಕಾರಣ, ಅರ್ಥವಾಯಿತು ಎಂದಿತು ಕಂಬ, ನಿಮ್ಮ ಸ್ಪೀಕರ್ ಮಾತಾಡುತ್ತಿಲ್ಲ, ಸರಿಯೇ? ಸ್ಪೀಕರ್ ಅಲ್ಲ ಕಣಪ್ಪ, ಅಕ್ಕ, ಅರ್ಥವಾಯಿತು, ನಿಮ್ಮ ಪರದೆ ಒಡೆದಿದೆ, ಸರಿಯೇ? ನನ್ನ ಹಿಂದೆ ನಿಂತ ದಪ್ಪ ಕನ್ನಡಕದ ಹೆಂಗಸು, ಸುಮ್ನೆ ಹೌದು ಅಂದ್ಬಿಡಿ ಸಾರ್, ಇಲ್ಲಾಂದ್ರೆ ಅದು ಬಿಡಲ್ಲ, ನಾನು ಮೊನ್ನೆ ಚಾರ್ಜರ್ ಕೇಳೋಕೆ ಬಂದು ನೀರಿಗೆ ಬಿದ್ದ ಫೋನು ಅಂತ ಬರೆಸ್ಕೊಂಡು ಹೋದೆ ಎಂದಳು, ಹೌದು ಅಂದೆ, ಪರದೆ ಒಡೆದಿದೆ, ಒಡೆದಿಲ್ಲದ ಪರದೆಗೆ ಒಡೆದಿದೆ ಎಂದು ಚೀಟಿ ಹರಿದು ಕೊಟ್ಟಿತು, ಕೊಟ್ಟ ಮೇಲೆ ನಮ್ಮ ಸೇವೆ ಹೇಗಿತ್ತು ಎಂದು ಮೂರು ಮುಖ ತೋರಿಸಿತು, ಮೂರೂ ನಗುವ ಮುಖವೇ, ಒಂದು ಸ್ವಲ್ಪ ನಗುತ್ತಿತ್ತು, ಒಂದು ಜೋರಾಗಿ, ಒಂದಕ್ಕೆ ನಕ್ಕು ನಕ್ಕು ಕಣ್ಣಲ್ಲಿ ನೀರು, ಆ ನೀರಿನದನ್ನು ಒತ್ತಿ ಬಂದು ಕೂತೆ, ಐವತ್ತು.

ಈ ಫೋನು ಮೊದಲು ಹೀಗಿರಲಿಲ್ಲ, ಕೊಂಡ ಹೊಸತರಲ್ಲಿ ಸಂಭಾವಿತ, ಕರೆದರೆ ಓ ಅನ್ನುತ್ತಿತ್ತು, ಕರೆಯದಿದ್ದರೆ ಸುಮ್ಮನೆ ಬಿದ್ದಿರುತ್ತಿತ್ತು, ಒಂದು ದಿನ ಇದ್ದಕ್ಕಿದ್ದಂತೆ ನಿಮ್ಮ ಫೋನು ಈಗ ಇನ್ನಷ್ಟು ಜಾಣ, ಈಗಲೇ ಆರಂಭಿಸೋಣವೇ ಎಂದು ಕೇಳಿತು, ಕೆಳಗೆ ಎರಡೇ ಗುಂಡಿ, ಈಗಲೇ ಮತ್ತು ಆಮೇಲೆ ನೆನಪಿಸಿ, ಬೇಡ ಅನ್ನುವ ಗುಂಡಿಯೇ ಇಲ್ಲ, ಬೇಡ ಅನ್ನುವುದು ಅವರ ನಿಘಂಟಿನಲ್ಲಿ ಇರಲಿಕ್ಕಿಲ್ಲ, ನಾನು ಕೋಟೆ ಕಾದ ಹಾಗೆ ಕಾದೆ, ಆಮೇಲೆ, ಆಮೇಲೆ, ಆಮೇಲೆ, ನಾಲ್ಕು ಸಾವಿರ ಸಲ ಆಮೇಲೆ ಒತ್ತಿದ್ದೇನೆ, ಕೊನೆಗೆ ಒಂದು ಬೆಳಿಗ್ಗೆ ಎದ್ದು ನೋಡಿದರೆ ಅದು ನನ್ನ ಕೇಳದೇ ಜಾಣನಾಗಿ ಕೂತಿದೆ, ಮೂಲೆ ಮೂಲೆಯಲ್ಲಿ ಒಂದು ಪುಟ್ಟ ನಕ್ಷತ್ರ ಮಿಣುಕುತ್ತಿದೆ, ಯಾವುದನ್ನು ಮುಟ್ಟಿದರೂ ನಾನು ಸಹಾಯ ಮಾಡಲೇ, ನಾನು ಬರೆದುಕೊಡಲೇ, ನಾನು ಚಂದಗೊಳಿಸಲೇ. ಆ ಚಂದಗೊಳಿಸುವ ಕಥೆಯೇ ಸಾಕು, ಸಕ್ಕರೆ ಗೋದಾಮಿನವರ ದೊಡ್ಡ ತಕ್ಕಡಿಯ ದಂಡದ ನಡುವೆ ಉಕ್ಕಿನ ಅಲಗು ಇರುತ್ತದೆ, ತಕ್ಕಡಿಯ ಪ್ರಾಣ ನಿಂತಿರುವುದೇ ಅದರ ಮೊನೆಯ ಮೇಲೆ, ಅದರಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು, ಫೋಟೋ ತೆಗೆದು ಯಜಮಾನರಿಗೆ ಕಳಿಸಿದೆ, ಅವರು ಫೋನ್ ಮಾಡಿ, ಎಲ್ಲಯ್ಯ ಮಿಲಿಗ್ರಾಮು ಬಿರುಕು, ಒಳ್ಳೇ ಮದುಮಗಳ ಕೆನ್ನೆ ಇದ್ದಂಗಿದೆಯಲ್ಲ ಎಂದರು, ನೋಡಿದರೆ ನಿಜಕ್ಕೂ ಬಿರುಕಿಲ್ಲ, ಈ ಜಾಣ ಅದನ್ನು ಕೊಳೆ ಎಂದುಕೊಂಡು ಒರೆಸಿಹಾಕಿದೆ, ಹದಿನೈದೇ ದಿನ, ಅಲಗು ಮುರಿದು ಮೂರು ಮೂಟೆ ನೆಲಕ್ಕೆ, ಮೂರಲ್ಲ, ಮೂವತ್ತು ಎಂದೇ ಇಟ್ಟುಕೊಳ್ಳೋಣ, ಬೀದಿಯ ತುಂಬ ಸಕ್ಕರೆ ಮೊಣಕಾಲುದ್ದ. ಬಿರುಕು ಇದ್ದ ಜಾಗದಲ್ಲೇ ಬಿರುಕು ಇರಬೇಕು ಕಣಯ್ಯಾ ಎಂದು ನಾನು ಫೋನಿಗೆ ಬೈದರೆ, ಅದರೊಳಗಿನ ಹೆಂಗಸು ಎಚ್ಚರಗೊಂಡು, ನೀವು ಒತ್ತಡದಲ್ಲಿರುವಂತೆ ಕಾಣುತ್ತದೆ, ದೀರ್ಘವಾಗಿ ಉಸಿರು ತೆಗೆದುಕೊಳ್ಳಿ ಎಂದಳು, ಉಸಿರು ತೆಗೆದುಕೊಂಡೆ ಕೂಡ, ಅದು ನಾಚಿಕೆಗೇಡು, ಅವಳು ಹೇಳಿದ್ದಕ್ಕೆ ತೆಗೆದುಕೊಂಡೆ. ಮತ್ತೆ ಅಕ್ಕ ಕಳಿಸುವ ಧ್ವನಿ ಸಂದೇಶ, ಅದರ ಎಡಕ್ಕೆ ತ್ರಿಕೋನ ಇತ್ತು, ಒತ್ತಿದರೆ ಅಕ್ಕ ಮಾತಾಡುತ್ತಿದ್ದಳು, ಈಗ ತ್ರಿಕೋನದ ಜಾಗದಲ್ಲಿ ನಕ್ಷತ್ರ ಬಂದು ಕೂತಿದೆ, ತ್ರಿಕೋನವನ್ನು ಬಲಕ್ಕೆ ತಳ್ಳಿ ಸಣ್ಣದು ಮಾಡಿದ್ದಾರೆ, ನಕ್ಷತ್ರ ಒತ್ತಿದರೆ ಮಾತು ಬರುವುದಿಲ್ಲ, ಸಾರಾಂಶ ಬರುತ್ತದೆ, ಎಷ್ಟುದ್ದದ ಮಾತಾದರೂ ಒಂದೂವರೆ ಸಾಲು, ಸಾಲಿನ ಕೆಳಗೆ ಅದೇ ಬರೆದಿಟ್ಟ ಮೂರು ಉತ್ತರ, ಬೆರಳು ಅತ್ತ ಸುಳಿದರೆ ಸಾಕು — ಇರಲಿ, ಬೆರಳಿನ ಮಾತು ಈಗ ಬೇಡ, ಐವತ್ತಾರು, ಬೇಗ ಬೇಗ ಕರೆಯುತ್ತಿದ್ದಾರೆ, ಒಳ್ಳೆಯದು.

ಬೆಳಿಗ್ಗೆ ಅಕ್ಕನ ಮಗಳು ಫೋನ್ ಮಾಡಿದ್ದಳು, ಮಾವ, ಅಮ್ಮ ಆಪರೇಷನ್ನೇ ಬೇಡ ಅಂತ ಕೂತಿದಾಳೆ, ಸೋಮವಾರಕ್ಕೆ ಇನ್ನೊಂದು ದಿನ ಕೊಟ್ಟಿದಾರೆ, ಬರ್ತೀವೋ ಇಲ್ವೋ ಇವತ್ತು ಸಂಜೆ ಐದರೊಳಗೆ ಹೇಳ್ಬೇಕು, ಇಲ್ಲಾಂದ್ರೆ ಆ ಜಾಗ ಬೇರೆಯವರಿಗೆ ಹೋಗುತ್ತೆ, ಮತ್ತೆ ಯಾವಾಗಲೋ ಏನೋ, ಅಮ್ಮ ನನ್ನ ಮಾತು ಕೇಳ್ತಿಲ್ಲ, ನೀನೇ ಕೆಡಿಸಿದ್ದು, ನೀನೇ ಸರಿಮಾಡು. ಅಕ್ಕನಿಗೆ ಎಡಗಣ್ಣು ಚಿಕ್ಕಂದಿನಿಂದಲೂ ಅಷ್ಟಕ್ಕಷ್ಟೆ, ಈಗ ಬಲಗಣ್ಣಿಗೆ ಪೊರೆ ಬಲಿತಿದೆ, ಅದೊಂದೇ ಅವಳ ಕಣ್ಣು, ಹೋದ ಗುರುವಾರ ಬೆಳಿಗ್ಗೆ ಹತ್ತಕ್ಕೆ ಆಪರೇಷನ್ ಇತ್ತು, ಜೊತೆಗೊಬ್ಬರು ಇರಲೇಬೇಕು, ಸಹಿ ಹಾಕಲು, ಆಮೇಲೆ ಕೈ ಹಿಡಿದು ಮನೆಗೆ ಕರೆದೊಯ್ಯಲು, ಮಗಳಿಗೆ ಆ ವಾರ ಪೂರ್ತಿ ಬೇರೆ ಊರಿನಲ್ಲಿ ತರಬೇತಿ, ನೀನು ಹೋಗೇ, ನನ್ನ ತಮ್ಮ ಬರ್ತಾನೆ ಎಂದು ಅಕ್ಕ ಅವಳನ್ನು ಕಳಿಸಿಬಿಟ್ಟಿದ್ದಳು, ಹಿಂದಿನ ಭಾನುವಾರ ಅದನ್ನೆಲ್ಲ ಹನ್ನೊಂದು ನಿಮಿಷದ ಸಂದೇಶ ಮಾಡಿ ನನಗೆ ಹೇಳಿದ್ದಳು, ಅದಕ್ಕೆ ನಾಲ್ಕೇ ನಿಮಿಷದಲ್ಲಿ ನನ್ನ ಫೋನಿನಿಂದ ಉತ್ತರ ಹೋಯಿತು, ಅದ್ಭುತ! ಚೆನ್ನಾಗಿ ಆನಂದಿಸಿ! ಪಕ್ಕದಲ್ಲಿ ಒಂದು ಹೂಗುಚ್ಛ. ಅಕ್ಷರ ಓದಲು ಕಣ್ಣೆಲ್ಲಿದೆ ಅವಳಿಗೆ, ನನ್ನ ಫೋಟೋ ಪಕ್ಕ ಏನೋ ಬಂದದ್ದು ಮಸುಕಾಗಿ ಕಂಡಿತು, ಅಷ್ಟು ಸಾಕಾಯಿತು, ತಮ್ಮ ಒಪ್ಪಿದ ಎಂದು ಗುರುವಾರ ಒಬ್ಬಳೇ ಹೋಗಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತಳು. ಕಣ್ಣಿಗೆ ಹನಿ ಹಾಕಿದರಂತೆ, ಆ ಹನಿ ಬಿದ್ದರೆ ಇದ್ದಬದ್ದದ್ದೂ ಹೊಗೆ, ಬಾಗಿಲು ಸದ್ದಾದಾಗಲೆಲ್ಲ ಮುಖ ಎತ್ತಿ ಬಂದ್ಯೇನೋ ಮರಿ ಎನ್ನುತ್ತಿದ್ದಳಂತೆ, ಕಾವಲಿನವನಿಗೆ ಒಂದು ಸಲ, ಗಾಲಿ ಕುರ್ಚಿ ತಳ್ಳುವವನಿಗೆ ಒಂದು ಸಲ, ಔಷಧಿಗೆ ಬಂದ ಯಾರೋ ಒಬ್ಬ ತಡೆಯಲಾಗದೆ, ಬಂದೆ ಕಣಮ್ಮ ಎಂದು ಎರಡು ನಿಮಿಷ ಪಕ್ಕದಲ್ಲಿ ಕೂತು, ಆಮೇಲೆ ನಾನು ಅವನಲ್ಲ ಎಂದು ಹೇಳಿ ಎದ್ದುಹೋದನಂತೆ, ಆಸ್ಪತ್ರೆಯ ಆಯಾ ಇದನ್ನು ಅಕ್ಕನ ಮಗಳಿಗೆ ಹೇಳಿದಳು, ಅಕ್ಕನ ಮಗಳು ನನಗೆ ಹೇಳಿದಳು, ನಾನು ಯಾರಿಗೆ ಹೇಳಲಿ, ಹನ್ನೆರಡೂವರೆಗೆ ಜೊತೆಗೆ ಯಾರೂ ಇಲ್ಲವೆಂದು ಅವಳನ್ನು ವಾಪಸು ಕಳಿಸಿದರು, ಆ ಹೊಗೆಗಣ್ಣಿನಲ್ಲೇ. ಶುಕ್ರವಾರ ಮಗಳು ಬಂದು ನನ್ನ ಉತ್ತರ ಓದಿ ಹೇಳಿದ್ದಾಳೆ, ಅಕ್ಕ ಮೂರು ಸಲ ಓದಿಸಿದಳಂತೆ, ಆಮೇಲೆ ಕೇಳಿದ್ದು ಒಂದೇ ಮಾತು, ಆನಂದಿಸಿ ಅಂತಾನೇನೇ, ನಂಗೆ ಅವನು ಬಹುವಚನ ಯಾವಾಗಿಂದ ಹಾಕ್ತಾನೆ?

ಅದು ತಗುಲಿದ್ದು ನನಗೆ, ಬಹುವಚನ, ಹುಟ್ಟಿದಾಗಿನಿಂದ ಏನೇ, ಬಾರೇ, ಹೋಗೇ ಎಂದೇ ಕರೆದ ಅಕ್ಕ, ಬೈಗುಳ ಬೈದರೂ ಏಕವಚನದಲ್ಲೇ ಬೈದ ಅಕ್ಕ, ಅವಳನ್ನು ಯಾರೋ ನನ್ನ ಬಾಯಿಂದ ನೀವು ಅಂದಿದ್ದಾರೆ, ಹೊಸಿಲಿಂದ ಹೊರಗೆ ನಿಲ್ಲಿಸಿ ಬಾಗಿಲು ಹಾಕಿದ ಹಾಗೆ. ಅಷ್ಟೇ ಆಗಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆ, ಆದರೆ ಆಸ್ಪತ್ರೆಯವರು ನನಗೆ ಫೋನ್ ಮಾಡಿದ್ದರು, ಗುರುವಾರ ಹತ್ತೂನಲವತ್ತಕ್ಕೆ, ಇದು ಮಾತ್ರ ತಲೆ ಮೇಲೆ ಹೊಡೆದಂಥ ನಿಜ, ಆ ಹೊತ್ತಿಗೆ ನಾನು ಅಂಗಡಿಯಲ್ಲಿ ಕೂತು ತೂಕದ ಕಲ್ಲುಗಳನ್ನು ಚರ್ಮದ ಬಟ್ಟೆಯಿಂದ ಒರೆಸುತ್ತಿದ್ದೆ, ಬರಿಗೈ ತಾಗಿದರೆ ಬೆವರಿನ ತೂಕ ಸೇರುತ್ತದೆಂದು ಚಿಮಟಿಗೆಯಲ್ಲಿ ಹಿಡಿದು, ಫೋನು ಪಕ್ಕದಲ್ಲೇ ಇತ್ತು, ಮಿಸುಕಲಿಲ್ಲ, ಗೊತ್ತಿಲ್ಲದ ನಂಬರು ಬಂದರೆ ಈಗ ಅದೇ ಉತ್ತರ ಕೊಡುತ್ತದಂತೆ, ಕೊಟ್ಟದ್ದನ್ನು ಬರೆದೂ ಇಡುತ್ತದೆ, ನಿನ್ನೆ ಓದಿದೆ, ನಮಸ್ಕಾರ, ನಾನು ಇವರ ಸಹಾಯಕ, ಕರೆಯ ಉದ್ದೇಶ ತಿಳಿಸಿ, ಅತ್ತಲಿಂದ ನರ್ಸು, ಪೇಷೆಂಟ್ ಕಡೆಯವರು ಬೇಕಿತ್ತು, ಯಾರೂ ಬಂದಿಲ್ಲ, ಇದು ಹೇಳಿದೆ, ಅವರಿಗೆ ಇದರಲ್ಲಿ ಆಸಕ್ತಿ ಇಲ್ಲ, ಕರೆ ಮಾಡಿದ್ದಕ್ಕೆ ವಂದನೆಗಳು. ಆಸಕ್ತಿ ಇಲ್ಲ! ನಾನು ಯಾವಾಗ ಹೇಳಿದೆ, ಯಾರ ಹತ್ತಿರ ಹೇಳಿದೆ, ಅಲ್ಲೇ ಕುರ್ಚಿಯಲ್ಲಿ ಇದ್ದೆನಲ್ಲ, ಒಂದು ಮೊಳ ದೂರದಲ್ಲಿ, ನನ್ನ ಕಿವಿಯ ಪಕ್ಕದಲ್ಲೇ ನನ್ನನ್ನು ಇಲ್ಲ ಅನ್ನಿಸಿಬಿಟ್ಟರು, ಯಾರನ್ನು ಹಿಡಿದು ಕೇಳುವುದು, ಕೊರಳಪಟ್ಟಿ ಹಿಡಿಯೋಣವೆಂದರೆ ಕೊರಳೇ ಇಲ್ಲ, ನಿಲ್ಲಿಸುವ ಗುಂಡಿ ಹುಡುಕಿ ಹುಡುಕಿ ನಿನ್ನೆ ಸುಸ್ತಾದೆ, ಒಂದರೊಳಗೆ ಒಂದು, ಅದರೊಳಗೆ ಇನ್ನೊಂದು ಬಾಗಿಲು, ಕೊನೆಯ ಬಾಗಿಲಲ್ಲಿ ಅದೇ ನಕ್ಷತ್ರ, ನನ್ನನ್ನು ನಿಲ್ಲಿಸಲು ನಾನು ಸಹಾಯ ಮಾಡಲೇ, ಹ್ಞೂಂ ಮಾಡಪ್ಪ ಅಂದೆ, ಕ್ಷಮಿಸಿ, ಸದ್ಯಕ್ಕೆ ಆ ಸೌಲಭ್ಯವಿಲ್ಲ ಎಂದಿತು. ಹಾಗಿರುವಾಗ ಭಾನುವಾರದ ಉತ್ತರವನ್ನೂ ಅದೇ ಕಳಿಸಿದೆ ಎಂದರೆ ಯಾರು ತಾನೇ ನಂಬುವುದಿಲ್ಲ, ಅಕ್ಕನ ಮಗಳು ನಂಬಿದಳು, ನಾನು ಅವಳಿಗೆ ಹಾಗೆಯೇ ಹೇಳಿದ್ದೇನೆ, ಹೇಳಿ ಹೇಳಿ ನನಗೂ ಅದೇ — ಅರವತ್ತೇಳು, ಅರವತ್ತೇಳು, ನನ್ನದೇ.

ಕಟ್ಟೆಯ ಆಚೆ ಒಬ್ಬ ಹುಡುಗಿ, ಜಡೆ ಸುತ್ತಿ ಅದಕ್ಕೊಂದು ಪೆನ್ನು ಚುಚ್ಚಿಕೊಂಡಿದ್ದಾಳೆ, ಪರದೆ ಒಡೆದಿದೆ ಅಂತ ಬರೆದಿದೆ, ಎಲ್ಲಿ ಅಂಕಲ್, ಗಟ್ಟಿಯಾಗಿದೆಯಲ್ಲ ಎಂದಳು, ಪರದೆ ಅಲ್ಲಮ್ಮ, ನಂಗೊಂದು ಕಾಗದ ಬೇಕು ಎಂದು ಎಲ್ಲವನ್ನೂ ಹೇಳಿದೆ, ಅಕ್ಕ, ಕಣ್ಣು, ಗುರುವಾರ, ಐದು ಗಂಟೆ, ಅವಳು ಪೂರ್ತಿ ಕೇಳಿದಳು, ಮಧ್ಯೆ ಒಮ್ಮೆಯೂ ಗಡಿಯಾರ ನೋಡಲಿಲ್ಲ, ಆಸ್ಪತ್ರೆಯ ಕರೆ ಓದಿ ಅಯ್ಯೋ ದೇವ್ರೇ ಎಂದಳು, ಇದು ತಪ್ಪೇ ಅಂಕಲ್, ಇದರ ಬಗ್ಗೆ ನಾನು ಮೇಲಿನವರಿಗೆ ಬರೀತೀನಿ, ಎಷ್ಟೋ ಜನ ಬಂದು ಇದನ್ನೇ ಹೇಳ್ತಾರೆ, ನಾವೂ ಬರೀತಾನೇ ಇರ್ತೀವಿ, ಆದ್ರೆ ಭಾನುವಾರದ್ದು ತಾನಾಗೇ ಹೋಗಿಲ್ಲ, ಉತ್ತರ ತೋರಿಸುತ್ತೆ ಅಷ್ಟೆ, ಯಾರಾದ್ರೂ ಒತ್ತಬೇಕು. ಇದು ಒತ್ತಿಕೊಂಡಿದೆ ಅಂದೆ. ಒತ್ತಿಕೊಳ್ಳಲ್ಲ ಅಂಕಲ್. ನನ್ನ ಅನುಭವದಲ್ಲಿ ಹೇಳ್ತೀನಮ್ಮ, ಮೂವತ್ತೇಳು ವರ್ಷ, ಯಂತ್ರಗಳ ಬುದ್ಧಿ ನಂಗೊತ್ತು. ಜೇಬಲ್ಲಿ ಇಟ್ಟಿದ್ದಾಗ ಏನಾದ್ರೂ ತಾಗಿರಬಹುದಾ ಎಂದು ಅವಳೇ ಕನಿಕರದಿಂದ ಒಂದು ದಾರಿ ತೋರಿಸಿದಳು, ನಾನು ಅದನ್ನು ಎರಡೂ ಕೈಯಿಂದ ಬಾಚಿಕೊಂಡೆ, ಹೌದು ಹೌದು, ಜೇಬು, ನನ್ನ ಜೇಬು ಬಲು ಬಿಗಿ, ಅದರಲ್ಲಿ ಕಡಲೆಕಾಯಿ ಇಟ್ಟರೆ ತಾನೇ ಸುಲಿದುಕೊಳ್ಳುತ್ತೆ. ಅವಳು ನಕ್ಕು ಎಲ್ಲೆಲ್ಲೋ ಒತ್ತುತ್ತ ಹೋದಳು, ಒಂದು ಪಟ್ಟಿ ತೆರೆಯಿತು, ಭಾನುವಾರ ಬೆಳಿಗ್ಗೆ ಎಂಟೂಐವತ್ತೆರಡು, ಸಂದೇಶ ಕೇಳಲಾಗಿದೆ, ನಲವತ್ತು ಸೆಕೆಂಡು, ನಿಲ್ಲಿಸಲಾಗಿದೆ, ಐವತ್ತಮೂರು, ಸಾರಾಂಶ, ಐವತ್ತಮೂರು, ಸಾರಾಂಶ, ಐವತ್ತನಾಲ್ಕು, ಸಾರಾಂಶ, ಸಾರಾಂಶ, ಐವತ್ತೈದು, ಸಾರಾಂಶ, ಐವತ್ತಾರು, ಉತ್ತರ ಆಯ್ಕೆ, ಕಳಿಸಲಾಗಿದೆ. ಅವಳ ನಗು ಮೆಲ್ಲಗೆ ಇಳಿಯಿತು, ಜೇಬು ಐದು ಸಲ ಸಾರಾಂಶ ಓದುತ್ತಾ ಅಂಕಲ್?

ಒಂದು ಸುಳ್ಳು, ಒಂದೇ ಒಂದು, ನನ್ನ ಹತ್ತಿರ ಯಾವಾಗಲೂ ಇರುತ್ತಿತ್ತು, ಬರುತ್ತಿಲ್ಲ, ಬರುತ್ತಿರುವುದು ಭಾನುವಾರ, ಹೋಟೆಲಿನ ಮೂಲೆಯ ಮೇಜು, ಕೊಡೆ ರಿಪೇರಿಯವನು, ಬೀಗದವನು, ಟೈಪಿಂಗ್ ಮೇಷ್ಟ್ರು, ನಾನು, ಟೀ ಇನ್ನೂ ಹೊಗೆಯಾಡುತ್ತಿದೆ, ಬೀಗದವನು ತನ್ನ ಅಳಿಯನ ಫೋನು ಮಾತಿಗೆ ಮಾತು ಉತ್ತರ ಕೊಡುತ್ತದೆ ಎಂದು ಕೊಚ್ಚಿಕೊಳ್ಳುತ್ತಿದ್ದಾನೆ, ಈ ಮೇಜಿನಲ್ಲಿ ನನ್ನೆದುರು ಇನ್ನೊಬ್ಬ ಕೊಚ್ಚಿಕೊಳ್ಳುವುದೇ, ನಿನ್ನ ಅಳಿಯಂದು ಏನು ಮಹಾ, ನಂದು ನೋಡು ಎಂದು ಫೋನು ತೆಗೆದೆ, ಅದೇ ಗಳಿಗೆಗೆ ಅಕ್ಕನ ಸಂದೇಶ ಬಂದು ಬಿತ್ತು, ಹನ್ನೊಂದು ನಿಮಿಷ, ಅಯ್ಯಯ್ಯೋ ನಮ್ಮಕ್ಕ ಶುರು ಮಾಡಿದ್ರೆ ಮುಗೀತು ಕಥೆ ಎಂದು ಗಟ್ಟಿಯಾಗಿ ಹೇಳಿ ತ್ರಿಕೋನ ಒತ್ತಿದೆ, ತ್ರಿಕೋನ ಸಿಕ್ಕಿತ್ತು, ಸುಲಭವಾಗಿ ಸಿಕ್ಕಿತ್ತು, ಪಕ್ಕದ ಮನೆ ಬೆಕ್ಕು ನೀರಿನ ಟ್ಯಾಂಕ್ ಹತ್ತಿ ಕೂತಿದೆ ಕಣೋ ಮರಿ ಎಂದು ಅಕ್ಕ ಶುರು ಮಾಡಿದಳು, ಮೂವರೂ ನಕ್ಕರು, ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ, ನೋಡ್ರೋ ಈಗ, ಹನ್ನೊಂದು ನಿಮಿಷಾನ ಒಂದೇ ಗುಟುಕಿಗೆ ನುಂಗುತ್ತೆ, ಅಕ್ಕನ ಬಾಯಿ ಮುಚ್ಚಿ ನಕ್ಷತ್ರ ಒತ್ತಿದೆ, ಪಕ್ಕದ ಮನೆಯ ಬೆಕ್ಕು, ಆರೋಗ್ಯದ ವಿಚಾರ ಮತ್ತು ಗುರುವಾರದ ಒಂದು ಭೇಟಿ, ಉತ್ತರ ಅಗತ್ಯವಿಲ್ಲ. ಇನ್ನೊಂದ್ಸಲ ಒತ್ತು ಮಿಲಿಗ್ರಾಮು ಎಂದ ಕೊಡೆಯವನು, ಒತ್ತಿದೆ, ನಂಗೆ ಕಾಣಿಸ್ಲಿಲ್ಲ ಎಂದ ಬೀಗದವನು, ಒತ್ತಿದೆ, ಐದು ಸಲ ಗಟ್ಟಿಯಾಗಿ ಓದಿದೆ, ಗುರುವಾರದ ಒಂದು ಭೇಟಿ, ಗುರುವಾರದ ಒಂದು ಭೇಟಿ, ನನ್ನ ಬಾಯಿಂದಲೇ, ನನ್ನ ಕಿವಿಗೆ ಬೀಳಲಿಲ್ಲ, ಉತ್ತರಾನೂ ಅದೇ ಬರೆದಿಟ್ಟಿದೆ ನೋಡಿ ಮೇಷ್ಟ್ರೇ, ಮೂರರಲ್ಲಿ ಯಾವುದು ಬಿಡಲಿ? ಮಧ್ಯದ್ದು ಬಿಡಪ್ಪ, ಹೂ ಇದೆ ಎಂದರು ಮೇಷ್ಟ್ರು, ಬಿಟ್ಟೆ, ಮೂವರೂ ಮೇಜು ಕುಟ್ಟಿದರು, ಟೀ ಲೋಟ ಕುಣಿಯಿತು.

ಪೂರ್ತಿ ಕೇಳೇ ಇಲ್ವಾ ಇನ್ನೂ ಎಂದು ಹುಡುಗಿ ಕೇಳುತ್ತಿದ್ದಾಳೆ, ಇವತ್ತಿನವರೆಗೂ? ತಲೆ ಅಲ್ಲಾಡಿಸಿದೆ, ಕೇಳಲು ಹೆದರಿಕೆ ಎಂದು ಹೇಳಲಿಲ್ಲ, ಅವಳು ತ್ರಿಕೋನ ಒತ್ತಿ ಫೋನನ್ನು ನಮ್ಮಿಬ್ಬರ ನಡುವೆ ಕಟ್ಟೆಯ ಮೇಲೆ ಇಟ್ಟಳು, ನಲವತ್ತೊಂದನೇ ಸೆಕೆಂಡಿನಿಂದ ಅಕ್ಕ ಎದ್ದು ಕೂತಳು, ಹತ್ತಿಬಿಟ್ಟಿದೆ ಕಣೋ, ಇಳಿಯೋಕೆ ಭಯ ಅದಕ್ಕೆ, ಎಲ್ಲರೂ ಕೆಳಗಡೆ ನಿಂತು ಬಾ ಬಾ ಅಂತಾರೆ, ಬಾ ಅಂದ್ರೆ ಬರೋಕಾಗುತ್ತಾ, ನಂಗೂ ಹಾಗೇ ಆಗಿದೆ ಮರಿ — ನಿಂತಳು, ಪರದೆಯಲ್ಲಿ ಅವಳ ಮಾತಿಗೆ ತಕ್ಕಂತೆ ಏಳುತ್ತ ಬೀಳುತ್ತ ಬರುತ್ತಿದ್ದ ಗೆರೆ ಮಟ್ಟಸವಾಯಿತು, ಹಾಗೇ ಹೋಗುತ್ತಿದೆ, ಇಲ್ಲಿ ಏನೂ ಇಲ್ಲ ಅಂಕಲ್, ಖಾಲಿ, ಮುಂದೆ ಓಡಿಸ್ಲಾ, ಮೌನ ತೆಗೆಯೋ ಸೌಲಭ್ಯ ಇದೆ ಎಂದಳು ಹುಡುಗಿ, ಬೇಡಮ್ಮ, ಬೇಡ, ಮುಟ್ಟಬೇಡ, ಅದು ಖಾಲಿ ಅಲ್ಲ. ಅಕ್ಕನಿಗೆ ಹನ್ನೊಂದು ವರ್ಷ, ನನಗೆ ಐದು, ಶಾಲೆಯ ದಾರಿಯುದ್ದಕ್ಕೂ ಕೈ ಹಿಡಿದು ಕಥೆ ಹೇಳುತ್ತಿದ್ದಳು, ಸಾಲಿಗೊಂದು ಸಲ ನಾನು ಹ್ಞೂಂ ಅನ್ನಬೇಕು, ಅನ್ನದಿದ್ದರೆ ಕಥೆಯೂ ನಿಂತಿತು, ಅವಳೂ ನಿಂತಳು, ನಡುರಸ್ತೆಯಲ್ಲೇ, ಹಿಂದಿನಿಂದ ಬಸ್ಸು ಹಾರನ್ ಹೊಡೆದರೂ ಸರಿ, ನೀನು ಹ್ಞೂಂ ಅನ್ನದೇ ನಾನು ಮುಂದೆ ಹೋಗಲ್ಲ ಕಣೋ, ನೀನು ಬರ್ತಿದ್ದೀಯೋ ಇಲ್ವೋ ನಂಗೆ ಹೇಗೆ ಗೊತ್ತಾಗಬೇಕು, ಧ್ವನಿ ಸಂದೇಶದ ಆಚೆ ತುದಿಯಲ್ಲಿ ಯಾರೂ ಇರುವುದಿಲ್ಲ ಎಂದು ಅವಳಿಗೆ ಎಷ್ಟು ಹೇಳಿದರೂ ಅಷ್ಟೆ, ನಿಲ್ಲುತ್ತಾಳೆ, ಹ್ಞೂಂಗೆ ಕಾಯುತ್ತಾಳೆ, ಹನ್ನೊಂದು ನಿಮಿಷದಲ್ಲಿ ಅರ್ಧಕ್ಕರ್ಧ ನನ್ನ ಜಾಗ, ಆ ಜಾಣ ತೆಗೆದುಹಾಕಿದ್ದು ಅದನ್ನು, ನಾನು ತೆಗೆದುಹಾಕಿದ್ದು. ಹ್ಞೂಂ ಎಂದೆ, ಅಂಗಡಿಯಲ್ಲಿ, ಎಲ್ಲರೆದುರು, ಹ್ಞಾ ಎಂದಳು ಅಕ್ಕ ಫೋನಿನೊಳಗೆ, ಮುಖದ ಮೇಲೆ ಬಟ್ಟೆ ಮುಚ್ತಾರಂತೆ ಕಣೋ, ಕಣ್ಣಿಗೆ ಮಾತ್ರ ತೂತು ಬಿಟ್ಟು, ಮುಚ್ಚಿದ್ರೆ ನಂಗೆ ಉಸಿರು ಕಟ್ಟುತ್ತೆ, ನಿಂಗೊತ್ತಲ್ಲ — ಗೆರೆ ಮಟ್ಟಸ — ಹ್ಞೂಂ — ಹ್ಞಾ, ನೀನೇನೂ ಮಾಡೋದು ಬೇಡ, ಬಾಗಿಲ ಹೊರಗೆ ನಿಂತ್ಕೊಂಡು ಆಗಾಗ ಒಂದ್ಸಲ ಕೆಮ್ಮು ಸಾಕು, ನೀನಿದ್ದೀಯ ಅಂತ ತಿಳ್ಕೊಂಡು ಮಲಗಿರ್ತೀನಿ — ಮಟ್ಟಸ — ಹ್ಞೂಂ ಬರಲಿಲ್ಲ ಈ ಸಲ — ಗುರುವಾರ ಹತ್ತಕ್ಕೆ, ನೇರ ಅಲ್ಲಿಗೇ ಬಂದುಬಿಡು, ಬರ್ತೀಯಲ್ಲ? ಗೆರೆ ಮಟ್ಟಸವಾಗಿ ಹೋಯಿತು, ಹೋಯಿತು, ಎಲ್ಲಕ್ಕಿಂತ ಉದ್ದ, ಹುಡುಗಿ ಜಡೆಯ ಪೆನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದಾಳೆ, ಏನೂ ಬರೆಯುತ್ತಿಲ್ಲ, ಕೊನೆಗೆ ಅಕ್ಕನೇ, ಬರ್ತೀಯ ಬಿಡು, ನಂಗೊತ್ತು.

ಕಾಗದ ನನ್ನಿಂದ ಕೊಡೋಕಾಗಲ್ಲ ಅಂಕಲ್ ಎಂದು ಹುಡುಗಿ ಫೋನನ್ನು ನನ್ನತ್ತ ಸರಿಸಿದಳು, ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು, ನಾಲ್ಕೂಮುಕ್ಕಾಲು, ಅಕ್ಕನಿಗೆ ಫೋನ್ ಹಚ್ಚಿದೆ, ಹೊಡೆದುಕೊಂಡು ಹೊಡೆದುಕೊಂಡು ನಿಂತಿತು, ಎತ್ತುವುದಿಲ್ಲ, ಸಂದೇಶ ಬಂದರೆ ಮಗಳಾದರೂ ಕೇಳಿಸಿಯಾಳು ಎಂದು ಮೈಕಿನ ಗುಂಡಿಗೆ ಹೆಬ್ಬೆರಳು ಒಯ್ದರೆ ಅಡ್ಡಕ್ಕೆ ನಕ್ಷತ್ರ ಬಂತು, ನಿಮ್ಮ ಪರವಾಗಿ ಕ್ಷಮೆ ಕೇಳಲೇ? ಕೆಳಗೆ ಮೂರು ಕ್ಷಮೆ ಸಿದ್ಧವಾಗಿವೆ, ಉಂಟಾದ ಅನನುಕೂಲಕ್ಕೆ ವಿಷಾದಿಸುತ್ತೇವೆ, ನಿಮ್ಮ ತಾಳ್ಮೆಗೆ ಧನ್ಯವಾದ, ಒಂದಕ್ಕೆ ಈಗಲೂ ಹೂಗುಚ್ಛ ಇದೆ, ಅದನ್ನು ಪಕ್ಕಕ್ಕೆ ತಳ್ಳಿದರೆ ಮತ್ತೆ ಬರುತ್ತದೆ, ತಳ್ಳಿದೆ, ಮತ್ತೆ ಬಂತು, ಇರು ಮಾರಾಯ ಎಂದು ಅದರ ಕೆಳಗೇ ಬೆರಳು ತೂರಿಸಿ ಗುಂಡಿ ಹಿಡಿದೆ, ಬಿಟ್ಟರೆ ಹೋಗುತ್ತದೆ, ಹಿಡಿದೇ ಇರಬೇಕು, ಅಕ್ಕಾ, ನಾನು ಕಣೇ, ಫೋನು ಕಳಿಸಲಿಲ್ಲ ಕಣೇ, ನಾನೇ ಒತ್ತಿದ್ದು, ಮಗಳ ಹತ್ರ ಹೇಳಿದ್ದು ಸುಳ್ಳು, ಅವತ್ತು ನಂಗೆ ಕೆಲಸ ಏನೂ ಇರಲಿಲ್ಲ, ಟೀ ಕುಡೀತಾ ಕೂತಿದ್ದೆ, ನಿನ್ನ ಮಾತು ನಲವತ್ತು ಸೆಕೆಂಡು ಕೇಳಿದೆ, ಬೆಕ್ಕಿನವರೆಗೆ ಅಷ್ಟೆ, ಮೂರು ಜನರ ಮುಂದೆ ದೊಡ್ಡಸ್ತಿಕೆ ತೋರಿಸೋಕೆ ನಿನ್ನ ಬಾಯಿ ಮುಚ್ಚಿ ಗುಂಡಿ ಒತ್ತಿದೆ, ಗುರುವಾರ ಅಂತ ಐದು ಸಲ ಓದಿದೆ ಕಣೇ, ಐದು ಸಲ, ಹೆಚ್ಚಿಸಿ ಹೇಳ್ತಿಲ್ಲ, ಲೆಕ್ಕ ಇಲ್ಲೇ ಇದೆ, ಉಳಿದದ್ದು ಈಗ ಕೇಳಿದೆ, ಸೋಮವಾರ ಬಾಗಿಲ ಹೊರಗೆ ಇರ್ತೀನಿ, ನೀನು ಹ್ಞೂಂ ಅಂದ್ರೆ ಆಸ್ಪತ್ರೆಗೆ ಮಗಳು ಹೇಳ್ತಾಳೆ, ಇನ್ನು ಹದಿನೈದು ನಿಮಿಷ ಇದೆ, ಕೇಳ್ತಿದ್ದೀಯೇನೇ — ನಿಂತೆ, ಹೆಬ್ಬೆರಳು ಎತ್ತಿಲ್ಲ, ಪರದೆಯಲ್ಲಿ ಗೆರೆ ಓಡುತ್ತಿದೆ, ಮಟ್ಟಸ, ಹುಡುಗಿ ಅರವತ್ತೆಂಟನ್ನು ಕರೆದಿಲ್ಲ, ಗೆರೆ, ಮಟ್ಟಸ, ಇನ್ನೂ ಮಟ್ಟಸ